ಹತ್ತು ಆರು, ಆರು ಹತ್ತು

ಜೂನ್ ೯

ತಂಗಿಗೆ,

ನಿನ್ನ ಜೊತೆ ಮಾತು ಬಿಟ್ಟಿದ್ದೇನೆ, ಮರೆತಿಲ್ಲ. ಆದರೆ ಬರೆಯುವುದನ್ನು ಬಿಡುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಮೂವತ್ನಾಲ್ಕು ವರ್ಷ ಮುದ್ರಣಾಲಯದಲ್ಲಿ ಕೂತು ಬೇರೆಯವರ ತಪ್ಪು ತಿದ್ದಿದ ಕೈ ಇದು. ತಪ್ಪು ಕಂಡರೆ ಸುಮ್ಮನಿರುವುದಿಲ್ಲ.

ನಿನ್ನೆ ಭಾನುವಾರ ಹನ್ನೊಂದಕ್ಕೆ ಅಮ್ಮ ಎಂದಿನಂತೆ ನಿಮ್ಮ ಮನೆಯಿಂದ ಟ್ಯಾಬ್‌ನಲ್ಲಿ ಕರೆ ಮಾಡಿದ್ದಳು. ಮುಖವೆಲ್ಲ ನಗು. "ರಾತ್ರಿ ಎಂಥಾ ನಿದ್ದೆ ಅಂತೀಯ! ನನ್ನ ರೂಮಲ್ಲಿ ವೈಫೈ ಡಬ್ಬ ಇದೆಯಲ್ಲ, ಕಣ್ಣು ಮಿಟುಕಿಸ್ತಾ ಇರತ್ತಲ್ಲ, ಅದರ ದೀಪಾನ ಅಳಿಯಂದ್ರು ಆರಿಸಿಬಿಟ್ರು ಕಣೆ. ಇನ್ಮೇಲೆ ದಿನಾ ಅದೇ ತಾನಾಗಿ ಆರೋ ಹಾಗೆ ಟೈಮ್ ಹಾಕಿಡ್ತಾರಂತೆ. ಡಬ್ಬಾನೂ ಮಲಗತ್ತೆ, ನಾನೂ ಮಲಗ್ತೀನಿ. ನನ್ನ ನಿದ್ದೆ ಬಗ್ಗೆ ಇಷ್ಟು ಯೋಚನೆ ಮಾಡಿದೋರು ಅವರೊಬ್ಬರೇ!"

ಅವರೊಬ್ಬರೇ! ಅಮ್ಮ ನನ್ನ ಹಾಲ್‌ನಲ್ಲಿ ಒಂಬತ್ತು ವರ್ಷ ಮಲಗಿದ್ದಾಳೆ. ಅಲ್ಲಿಯೂ ಇಂಥದೇ ಡಬ್ಬ, ಅದಕ್ಕೂ ಐದು ದೀಪ. ಐದು ದೀಪ ಬೇಕೆಂದು ಯಾರು ಕೇಳಿದ್ದರು? ನಮ್ಮ ಬೀದಿಯ ಮೂಲೆಯ ಕಂಬದಲ್ಲಿ ಒಂದು ದೀಪ ಉರಿಯಲಿ ಎಂದು ನಾನು ಏಳು ಅರ್ಜಿ ಬರೆದೆ, ಪತ್ರಿಕೆಗೆ ಎರಡು ಸಲ ಬರೆದೆ, ಉರಿಯಲಿಲ್ಲ. ಮಲಗುವ ಜಾಗದಲ್ಲಿ ಮಾತ್ರ ಕೇಳದೆಯೇ ಐದು ಉರಿಯುತ್ತವೆ. ಇರಲಿ. ಆ ದೀಪಗಳ ಮೇಲೆ ನಾನು ಕರಡು ಕಾಗದದ ಪಟ್ಟಿ ಕತ್ತರಿಸಿ ಮೂರು ಪದರ ಅಂಟಿಸಿದೆ. ಲೈನ್ ಇದೆಯೋ ಇಲ್ಲವೋ ತಿಳಿಯಬೇಕಲ್ಲ ಎಂದು ಹಸಿರು ದೀಪಕ್ಕೆ ಮಾತ್ರ ಒಂದೇ ಪದರ. ಕಾಗದ ಹಳದಿಯಾದಾಗಲೆಲ್ಲ ಬದಲಿಸಿದೆ. ಅದು ಯೋಚನೆಯಲ್ಲವೋ?

ಇಷ್ಟಕ್ಕೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಮ್ಮ ಮುಂದುವರಿಸಿದಳು: "ಟೈಮ್ ನೆನಪಿರ್ಲಿ ಅಂತ ಅವರಿಗೆ ನಮ್ಮ ಹಳೇ ಮಾತು ಹೇಳ್ಕೊಟ್ಟೆ. ಹತ್ತು ಆರು, ಆರು ಹತ್ತು! ಬಿದ್ದು ಬಿದ್ದು ನಕ್ಕರು."

ನಿನಗೆ ಇದು ಗೊತ್ತಿರಲಿಕ್ಕಿಲ್ಲ. ನೀನು ಹುಟ್ಟುವ ಮೊದಲಿನ ಸಂಗತಿ. ನನಗೆ ಐದು ವರ್ಷ. ಒಂದೇ ಕೋಣೆ, ಒಂದೇ ದೀಪ. ರಾತ್ರಿ ಹತ್ತಕ್ಕೆ ಅದು ಆರಬೇಕು, ಬೆಳಗ್ಗೆ ಆರಕ್ಕೆ ಹತ್ತಬೇಕು. ಅಮ್ಮ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು: "ಹತ್ತು ಆರು, ಆರು ಹತ್ತು. ಹಿಂದಿನಿಂದ ಓದು, ಮುಂದಿನಿಂದ ಓದು, ಸರಿಯಾಗೇ ಇರತ್ತೆ." ಒಂದು ಪದದೊಳಗೆ ಎರಡು ಪದ ಇರಬಹುದೆಂದು ನನಗೆ ತಿಳಿದದ್ದು ಆವತ್ತು. ನನ್ನ ಮೂವತ್ನಾಲ್ಕು ವರ್ಷದ ಅನ್ನ ಆ ಮಾತಿನಿಂದ ಹುಟ್ಟಿತು. "ಇದು ನಮ್ಮಿಬ್ಬರದೇ" ಎಂದಿದ್ದಳು. ಅಮ್ಮನಿಂದ ನಿನಗೆ ಸಿಗದೆ ನನಗೊಬ್ಬಳಿಗೇ ಸಿಕ್ಕಿದ್ದು ಅದೊಂದೇ.

ಅದನ್ನು ಒಂದು ಡಬ್ಬದ ದೀಪ ಆರಿಸಲು ನಿನ್ನ ಗಂಡನಿಗೆ ಕೊಟ್ಟಿದ್ದಾಳೆ. ಅವರಿಗೆ ಹೇಳು, ಗಡಿಯಾರ ರಿಪೇರಿ ಮಾಡುವವರಿಗೆ ಸಮಯ ನೆನಪಿಡಲು ನಮ್ಮ ಮನೆಯ ಮಾತು ಬೇಕಾಗಿಲ್ಲ.

ಇತಿ,
ನಿನ್ನ ಅಕ್ಕ

*

ಜೂನ್ ೨೦

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಮೂರು ದಿನ ಇಸ್ತ್ರಿ ಮೇಜಿನ ಮೇಲೆ ಬಿದ್ದಿತ್ತು. ಗಿರಾಕಿಯೊಬ್ಬರ ಪ್ಯಾಂಟಿನ ಜೊತೆ ಮಡಚಿ ಕೊಟ್ಟೂಬಿಡುತ್ತಿದ್ದೆ, ಕೊನೇ ಗಳಿಗೆಯಲ್ಲಿ ಕಂಡಿತು. ಕೊಟ್ಟಿದ್ದರೇ ಚೆನ್ನಾಗಿತ್ತು ಅಂತ ಈಗ ಅನಿಸುತ್ತಿದೆ.

ಆ ಮಾತು ನಿನ್ನದಾ? ಅಕ್ಕಾ, ನಾನು ನಾಲ್ಕನೇ ವರ್ಷದಲ್ಲಿ ಜ್ವರ ಬಂದು ಮಲಗಿದ್ದೆ. ನೀನು ಶಾಲೆಗೆ ಹೋಗಿದ್ದೆ. ಅಮ್ಮ ನನ್ನ ಹಣೆ ಮೇಲೆ ಒದ್ದೆ ಬಟ್ಟೆ ಹಾಕುತ್ತಾ ಹೇಳಿಕೊಟ್ಟಳು. ಹತ್ತು ಆರು, ಆರು ಹತ್ತು. "ಇದು ನಮ್ಮಿಬ್ಬರದೇ, ಅಕ್ಕನಿಗೆ ಹೇಳಬೇಡ" ಅಂದಳು. ಐವತ್ತಮೂರು ವರ್ಷ ನಾನು ಬಾಯಿ ಬಿಟ್ಟಿಲ್ಲ. ಯಾಕೆ ಗೊತ್ತಾ? ನಿನಗೆ ಬೇಜಾರಾಗುತ್ತೆ ಅಂತ. ಎಲ್ಲದರಲ್ಲೂ ನೀನೇ ಜಾಣೆ, ಮಾತಿನಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಇದೊಂದು ಮಾತಾದರೂ ನಿನಗೆ ಗೊತ್ತಿಲ್ಲ ಅಂದುಕೊಂಡು ಎಷ್ಟೋ ಸಲ ಒಳಗೊಳಗೇ ಖುಷಿ ಪಟ್ಟಿದ್ದೇನೆ. ನಿನ್ನ ಪತ್ರ ಬಂದು ಅದೂ ಹೋಯಿತು.

ಅಮ್ಮ ಅದನ್ನು ನಮ್ಮವರಿಗೆ ಹೇಳಿದಾಗ ನನಗೂ ಚುರ್ ಅಂತು. ಆದರೆ ನಾನು ಯಾರಿಗೂ ಪತ್ರ ಬರೆಯಲಿಲ್ಲ. ಅಂಗಿ ತಗೊಂಡು ಇಸ್ತ್ರಿ ಮಾಡಿದೆ.

ಇನ್ನೊಂದು ಮಾತು. ಕಣ್ಣಿನ ಆಪರೇಷನ್‌ಗೆ ಹದಿನೈದು ದಿನ ಅಂತ ಕರೆದುಕೊಂಡು ಬಂದು ಇಟ್ಟುಕೊಂಡುಬಿಟ್ಟೆ ಅಂತ ನೀನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೀಯಂತೆ. ಇನ್ನೂ ಸ್ವಲ್ಪ ದಿನ ಇರ್ತೀನಿ ಅಂದಿದ್ದು ಅಮ್ಮನೇ. ನಿನ್ನ ಹತ್ತಿರ ಹೇಳಲು ಹೆದರಿ ನನ್ನ ಕೈಯಲ್ಲಿ ಹೇಳಿಸಿದಳು. ಬೈಸಿಕೊಂಡವಳು ನಾನು.

ಇದನ್ನು ಕೆಂಪು ಶಾಯಿ ಹಾಕಿ ವಾಪಸ್ ಕಳಿಸುತ್ತೀಯ ಅಂತ ಗೊತ್ತು. ಅದಕ್ಕೇ ಅಂಚು ಅಗಲ ಬಿಟ್ಟಿದ್ದೇನೆ.

ಇತಿ,
ನಿನ್ನ ತಂಗಿ

*

ಜುಲೈ ೭

ತಂಗಿಗೆ,

ಪತ್ರ ತಿದ್ದಿ ಇದರೊಳಗೆ ಇಟ್ಟಿದ್ದೇನೆ. ಹನ್ನೊಂದು ತಪ್ಪು. ನೀನು ಬಿಟ್ಟ ಅಂಚು ಸಾಲಲಿಲ್ಲ.

ಜ್ವರದ ಕಥೆ ಓದಿದೆ. ಅಮ್ಮ ನಿನಗೂ ಹೇಳಿರಬಹುದು. ಆದರೆ ಮೊದಲು ಕೇಳಿದವಳು ನಾನು. ಮೊದಲನೆಯ ಮುದ್ರಣಕ್ಕೂ ಮರುಮುದ್ರಣಕ್ಕೂ ವ್ಯತ್ಯಾಸವಿದೆ ಎಂದು ಬರೆಯಲು ಹೊರಟಿದ್ದೆ. ಈಗ ಅದಕ್ಕೆ ಮನಸ್ಸಿಲ್ಲ. ಅದಕ್ಕಿಂತ ದೊಡ್ಡದು ಒಂದಿದೆ.

ನಾಲ್ಕು ಭಾನುವಾರದಿಂದ ಅಮ್ಮನ ಕರೆ ಬಂದಿಲ್ಲ.

ಹತ್ತು ಮುಕ್ಕಾಲಿಗೆ ನಾನು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಳ್ಳುತ್ತೇನೆ. ಹೊಸ ಕಣ್ಣಿಗೆ ನನ್ನ ಮುಖ ಸರಿಯಾಗಿ ಕಾಣಲಿ ಎಂದು. ಫೋನನ್ನು ನಿಘಂಟಿಗೆ ಒರಗಿಸಿ ಇಡುತ್ತೇನೆ. ಹನ್ನೊಂದಾಗುತ್ತದೆ. ಹನ್ನೊಂದೂವರೆ ಆಗುತ್ತದೆ. ಕುರ್ಚಿಯನ್ನು ಮತ್ತೆ ಗೋಡೆಗೆ ಸರಿಸುತ್ತೇನೆ. ನಾಲ್ಕು ಸಲ ಹೀಗಾಯಿತು.

ನೀನೇ ಕರೆ ಮಾಡಬಹುದಲ್ಲ ಎನ್ನುತ್ತೀಯ. ಆ ಮನೆಗೆ ನನ್ನ ಕಡೆಯಿಂದ ಫೋನ್ ಬರುವುದಿಲ್ಲ ಎಂದು ಮಾರ್ಚ್ ತಿಂಗಳಲ್ಲಿ ಹೇಳಿದ್ದೇನೆ. ನಾನು ಹೇಳಿದರೆ ಹೇಳಿದಂತೆ. ಅದು ನಿನಗೂ ಗೊತ್ತು, ಗೊತ್ತಿದ್ದೇ ಈ ಆಟ ಆಡುತ್ತಿದ್ದೀಯ. ಟ್ಯಾಬ್ ಎಲ್ಲಿ ಬಚ್ಚಿಟ್ಟಿದ್ದೀಯ? ಇಸ್ತ್ರಿ ಬಟ್ಟೆಯ ಗಂಟಿನೊಳಗೋ? ಮುಂಚೆ ನನ್ನ ಸ್ಲೇಟನ್ನು ಹೀಗೆಯೇ ಹಾಸಿಗೆಯ ಸುರುಳಿಯೊಳಗೆ ತೂರಿಸಿಟ್ಟು, ಮೂರು ದಿನ ನನ್ನ ಜೊತೆಯೇ ಹುಡುಕುವ ನಾಟಕ ಆಡಿದ್ದೆ. ನಿನಗೆ ಆಗ ಐದು. ನನಗೆ ಎಲ್ಲವೂ ನೆನಪಿದೆ.

ಅಮ್ಮನಿಗೆ ಹುಷಾರಿಲ್ಲದಿದ್ದರೆ ಒಂದು ಸಾಲು ಬರಿ. ಹುಷಾರಾಗಿದ್ದೂ ಕರೆ ಮಾಡುತ್ತಿಲ್ಲವಾದರೆ ಅದನ್ನೂ ಬರಿ. ಎರಡರಲ್ಲಿ ಯಾವುದು ಕೇಳಲು ಕಷ್ಟ ಎಂದು ನನಗೇ ತಿಳಿಯುತ್ತಿಲ್ಲ.

ಅಕ್ಕ

*

ಜುಲೈ ೨೮

ತಂಗಿಗೆ,

ಉತ್ತರವಿಲ್ಲ. ಏಳು ಭಾನುವಾರ.

ಹೊಟ್ಟೆಕಿಚ್ಚು ಎಂಬ ಪದವನ್ನು ನಾನು ಸಾವಿರ ಸಲ ತಿದ್ದಿದ್ದೇನೆ. ಜನ ಚ-ಕಾರಕ್ಕೆ ಒತ್ತು ಕೊಡಲು ಮರೆಯುತ್ತಾರೆ. ಆ ಪದ ಎಷ್ಟು ನಿಜವೆಂದು ಈಗ ಗೊತ್ತಾಗುತ್ತಿದೆ. ಅದು ಇರುವುದು ಹೊಟ್ಟೆಯಲ್ಲೇ. ಊಟಕ್ಕೆ ಕೂತರೆ ಮೇಲೆ ಬರುತ್ತದೆ. ಬಸ್ಸಿನಲ್ಲಿ ಕಿಟಕಿ ಯಾವಾಗಲೂ ನಿನಗೆ, ನೀರಿನ ಬಾಟಲಿ ಹೊರುವುದು ನನಗೆ. ನಾನು ಬಹುಮಾನ ತಂದರೆ "ಪಾಪ, ಚಿಕ್ಕವಳ ಎದುರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ." ನಿನಗೆ ಒಳ್ಳೆಯ ಗಂಡ ಸಿಕ್ಕಿದ, ಮಕ್ಕಳಾದವು. ನನಗೆ ಅಮ್ಮ ಸಿಕ್ಕಿದಳು ಎಂದುಕೊಂಡು ಒಂಬತ್ತು ವರ್ಷ ಅದರಲ್ಲೇ ತೃಪ್ತಿಯಾಗಿದ್ದೆ. ಈಗ ಅವಳಿಗೆ ಅಳಿಯ ಒಂದು ದೀಪ ಆರಿಸಿಕೊಟ್ಟ ಕೂಡಲೇ ನಾನು ಮರೆತುಹೋದೆ.

ಅವಳ ಮಂಚ ಹಾಲ್‌ನಲ್ಲಿ ಹಾಗೇ ಇದೆ. ನಿನ್ನೆ ಡಬ್ಬಕ್ಕೆ ಅಂಟಿಸಿದ್ದ ಪಟ್ಟಿಗಳನ್ನೆಲ್ಲ ಕಿತ್ತು ಹಾಕಿದೆ. ಐದೂ ಉರಿಯುತ್ತಿವೆ. ಯಾರ ನಿದ್ದೆಗೂ ತೊಂದರೆಯಿಲ್ಲ.

ಇದಕ್ಕೂ ಉತ್ತರ ಬರದಿದ್ದರೆ ಇನ್ನು ಬರೆಯುವುದಿಲ್ಲ. ಮಾತು ಬಿಟ್ಟಾಯಿತು, ಅಕ್ಷರವನ್ನೂ ಬಿಡುತ್ತೇನೆ.

ಅಕ್ಕ

*

ಆಗಸ್ಟ್ ೧೧

ಅಕ್ಕಾ,

ಬೇಕೆಂದೇ ಉತ್ತರ ಬರೆದಿರಲಿಲ್ಲ. ಟ್ಯಾಬ್ ಬಚ್ಚಿಟ್ಟಿದ್ದೀಯ ಅಂತ ಬರೆದಿದ್ದೆಯಲ್ಲ, ಆ ಸಾಲು ನೋಡಿ ಇವಳ ಸಹವಾಸವೇ ಬೇಡ ಅಂದುಕೊಂಡೆ. ಭಾನುವಾರ ನನ್ನ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ, ಸೋಮವಾರಕ್ಕೆ ಎಲ್ಲರಿಗೂ ಗರಿಗರಿ ಬಟ್ಟೆ ಬೇಕು. ಒಳಗೆ ಅಮ್ಮ ನಿನ್ನ ಜೊತೆ ಮಾತಾಡುತ್ತಿರುತ್ತಾಳೆ ಅಂತಲೇ ನಾನು ತಿಳಿದಿದ್ದೆ. ನೀನು ಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸುತ್ತಿದ್ದೀಯ ಅಂತ.

ಪಟ್ಟಿ ಕಿತ್ತು ಹಾಕಿದೆ ಅಂತ ಬರೆದೆಯಲ್ಲ, ಅದನ್ನು ಓದಿ ನಿದ್ದೆ ಬರಲಿಲ್ಲ. ನಿನ್ನೆ ಹನ್ನೊಂದಕ್ಕೆ ಅಂಗಡಿಯ ಬಾಗಿಲು ಅರ್ಧ ಎಳೆದು ಅಮ್ಮನ ಕೋಣೆಗೆ ಹೋದೆ.

ಅಮ್ಮ ತಲೆ ಬಾಚಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, ಟ್ಯಾಬನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ನೋಡುತ್ತಿದ್ದದ್ದು ಟ್ಯಾಬನ್ನಲ್ಲ. ಬೀರುವಿನ ಮೇಲಿರೋ ಡಬ್ಬವನ್ನು. ನನ್ನನ್ನು ಕಂಡು "ಆರಿದೆ ಕಣೇ" ಅಂದಳು.

ಅಕ್ಕಾ, ಎಷ್ಟೋ ಭಾನುವಾರದಿಂದ ಆ ಮಾತು ನನ್ನ ಕಿವಿಗೆ ಬಿದ್ದಿದೆ. ಅಮ್ಮ ಒಳಗಿಂದ "ಆರಿದೆ ಕಣೇ" ಅಂತ ಕೂಗುವುದು, ನಾನು ಮಹಡಿಗೆ ಓಡಿ ಒಗೆದ ಬಟ್ಟೆ ಮುಟ್ಟಿ ನೋಡುವುದು, ಅಲ್ಲಿಂದಲೇ "ಇನ್ನೂ ಆರಿಲ್ಲಮ್ಮಾ, ಹಸಿಯಾಗೇ ಇದೆ!" ಅಂತ ಕೂಗುವುದು. ಒಂದು ದಿನ ಅವಳ ಮಾತು ನಂಬಿ ಒದ್ದೆ ಬೆಡ್‌ಶೀಟುಗಳನ್ನೇ ಇಳಿಸಿಕೊಂಡು ಬಂದಿದ್ದೆ.

"ಏನಮ್ಮಾ ಆರಿದೆ?"

"ದೀಪ. ಇನ್ನೇನು?"

"ಆರಿದ್ರೆ ಏನಂತೆ? ಅಕ್ಕನಿಗೆ ಫೋನ್ ಮಾಡಲ್ವಾ?"

"ಹಸಿರು ದೀಪ ಇಲ್ದಾಗ ಮುಟ್ಟಬಾರ್ದು, ಲೈನ್ ಇರಲ್ಲ, ಕೆಟ್ಟುಹೋಗತ್ತೆ ಅಂತ ನಿಮ್ಮಕ್ಕ ಹೇಳಿಲ್ವೇನೇ? ಹತ್ತು ಗಂಟೆಗೆಲ್ಲ ಆರಿಹೋಗತ್ತೆ ಇದು."

"ಹಾಗಾದ್ರೆ ಹತ್ತರೊಳಗೆ ಮಾಡಬಹುದಿತ್ತಲ್ಲ?"

"ಹನ್ನೊಂದಕ್ಕೆ ಮುಂಚೆ ಅವಳು ಪೇಪರ್ ಓದ್ತಾಳೆ. ಆಗ ಕರೆದ್ರೆ ಬೈತಾಳೆ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನನ್ನ ಮನೆಗೆ ಬಂದು ಆರು ತಿಂಗಳಾಯಿತು. ನನ್ನ ಅನ್ನ, ನನ್ನ ಹಾಸಿಗೆ. ನಡೆಯುವುದು ಮಾತ್ರ ನಿನ್ನ ಕಾನೂನು! ನಾನು ಹೇಳಿದ ಒಂದು ಮಾತಾದರೂ ಹೀಗೆ ಪಾಲಿಸಿದ್ದಾಳಾ? ಕಣ್ಣಿಗೆ ಡ್ರಾಪ್ಸ್ ಹಾಕ್ಕೋ ಅಂದರೆ ದಿನಾ ಜಗಳ. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂದುಕೊಳ್ಳಬೇಡ.

"ಮೊದಲೇ ಯಾಕೆ ಕೇಳಲಿಲ್ಲಮ್ಮಾ?" ಅಂದೆ. ಟ್ಯಾಬನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಹೇಳಿದಳು: "ಸಿಟ್ಟು ಬಂದು ಅವಳೇ ಆ ಕಡೆಯಿಂದ ಆರಿಸಿರಬೇಕು ಅಂದ್ಕೊಂಡೆ. ಇಲ್ಲಾ ನೀನು ಈ ಕಡೆಯಿಂದ. ಯಾರನ್ನ ಕೇಳಿದ್ರೂ ನೀವಿಬ್ರೂ ಮತ್ತೆ ಶುರು ಮಾಡ್ತೀರ."

ನಮ್ಮವರನ್ನು ಅವರ ಗಡಿಯಾರದ ಅಂಗಡಿಯಿಂದ ಕರೆಸಿದೆ. ಡಬ್ಬಕ್ಕೆ ಹಾಕಿದ್ದ ಟೈಮ್ ತೆಗೆದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಆರುವ ಹೊತ್ತು ಹತ್ತು, ಹತ್ತುವ ಹೊತ್ತು ಆರು ಅಂತಲೇ ಹಾಕಿದ್ದಾರೆ. ಅದು ಇಪ್ಪತ್ನಾಲ್ಕು ಗಂಟೆ ಲೆಕ್ಕದ ಡಬ್ಬ. ರಾತ್ರಿ ಹತ್ತಕ್ಕೆ ಇಪ್ಪತ್ತೆರಡು ಅಂತ ಹಾಕಬೇಕಿತ್ತು. ಬೆಳಗ್ಗೆ ಹತ್ತಕ್ಕೆ ಆರಿದ್ದು ಮಾರನೇ ದಿನ ಬೆಳಗ್ಗೆ ಆರಕ್ಕೇ ಹತ್ತುತ್ತಿತ್ತು. ದೀಪ ಮಾತ್ರ ಆರುತ್ತಿತ್ತು, ಲೈನ್ ಒಂದು ದಿನವೂ ಹೋಗಿರಲಿಲ್ಲ. "ನಮ್ಮ ಗಡಿಯಾರಕ್ಕೆ ಹತ್ತು ಅಂದ್ರೆ ಹತ್ತೇ ಕಣೆ. ಹಗಲೋ ರಾತ್ರಿಯೋ ಅದಕ್ಕೇನು ಗೊತ್ತು?" ಅಂತ ಪೆಚ್ಚಾಗಿ ಅಂದರು. ರಾತ್ರಿ ಅವರು ಅಂಗಡಿಯಿಂದ ಬರುವಷ್ಟರಲ್ಲಿ ಆರಿರುತ್ತಿತ್ತು, ಸರಿಯಾಗಿದೆ ಅಂತ ಮಲಗುತ್ತಿದ್ದರು.

"ತಗೋ, ಈಗಲೇ ಕರೆ ಮಾಡು" ಅಂತ ಟ್ಯಾಬ್ ಕೊಟ್ಟೆ. ಅಮ್ಮ ಅದರ ಕವರ್ ಮಡಚಿ ಪಕ್ಕಕ್ಕಿಟ್ಟಳು. "ಒಂಬತ್ತು ಭಾನುವಾರ ನಾನು ಕಾದಿದ್ದೀನಿ. ಲೈನ್ ಇದ್ದಿದ್ದೇ ನಿಜ ಆದ್ರೆ ಅವಳೂ ಮಾಡಬಹುದಿತ್ತು. ಈ ಸಲ ಅವಳೇ ಮಾಡ್ಲಿ" ಅಂದಳು.

ಟ್ಯಾಬನ್ನು ಅಲ್ಲೇ ಬಿಟ್ಟು ಇಸ್ತ್ರಿಗೆ ವಾಪಸ್ ಬಂದೆ. ಅಮ್ಮನಿಗೆ ಏನು ಹೇಳಬೇಕು, ನೀನೇ ಬರಿ.

ತಂಗಿ

*

ಆಗಸ್ಟ್ ೧೩

ದೊಡ್ಡವಳಿಗೆ,

ಹೊಸ ಕಣ್ಣು ಬಂದ ಮೇಲೆ ಬರೀತಾ ಇರೋ ಮೊದಲನೇ ಕಾಗದ. ತಿದ್ದಬೇಡ.

ನಿನ್ನ ಮನೇಲಿ ನನಗೆ ನಿದ್ದೆ ಬರುತ್ತಿರಲಿಲ್ಲ ಅಂತ ನಾನು ಯಾರಿಗೂ ಹೇಳಿಲ್ಲ. ಅಲ್ಲಿ ಹಸಿರು ದೀಪದ ಮೇಲೆ ನೀನು ಅಂಟಿಸಿದ ಕಾಗದದ ಅಕ್ಷರ ಓದುತ್ತಾ ಮಲಗುತ್ತಿದ್ದೆ. ಪ್ರತಿ ಸಲವೂ ತಲೆಕೆಳಗಾಗಿ ಅಂಟಿಸುತ್ತಿದ್ದೆ ನೀನು. ಇಷ್ಟು ಓದಿದವಳು! ಹೇಳಿದರೆ ಬೇಜಾರಾಗುತ್ತೀಯ ಅಂತ ನಾನೇ ಕತ್ತು ತಿರುಗಿಸಿ ಓದುತ್ತಿದ್ದೆ.

ಇನ್ನು ಆ ಹತ್ತು ಆರರ ಮಾತು. ಅದು ನನ್ನದು, ನನ್ನದು ಅಂತ ನೀವಿಬ್ಬರೂ ಕಾಗದ ಬರೆದುಕೊಂಡಿರಂತೆ. ಅದು ನಿನ್ನದೂ ಅಲ್ಲ, ಅವಳದೂ ಅಲ್ಲ, ನನ್ನದೂ ಅಲ್ಲ. ನನಗೆ ಹೇಳಿಕೊಟ್ಟಿದ್ದು ನನ್ನ ಅಕ್ಕ. ಒಂದೇ ಹೊದಿಕೆ ಹೊದ್ದು ಮಲಗಿದ್ದಾಗ. "ಇದು ನಮ್ಮಿಬ್ಬರದೇ" ಅಂತ ಅವಳೂ ಅಂದಿದ್ದಳು. ಅದಕ್ಕೇ ನಾನು ನಿಮಗೂ ಹಾಗೇ ಹೇಳಿದೆ. ಬೇರೆ ಥರ ಹೇಳಬಹುದು ಅಂತ ಗೊತ್ತಿರಲಿಲ್ಲ.

ನನಗೆ ಅಕ್ಕ ಇದ್ದಳು ಅಂತ ನಿಮಗೆ ಯಾವತ್ತೂ ಹೇಳಿಲ್ಲ. ನಮ್ಮಮ್ಮನ ಹೊಲಿಗೆ ಮಿಷಿನ್ ಯಾರಿಗೆ ಅನ್ನೋ ವಿಷಯಕ್ಕೆ ಮಾತು ಬಿಟ್ಟೆವು. ಕಾಗದ ಮಾತ್ರ ಬರೆಯುತ್ತಿದ್ದಳು, ಬೈದು ಬೈದು. ಒಂದು ದಿನ ಅದೂ ನಿಂತಿತು. ಆರಿತು, ಇನ್ನೇನು ಉಳಿದಿಲ್ಲ ಅಂದುಕೊಂಡೆ. ಹೋಗಿ ನೋಡಲಿಲ್ಲ. ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತಂತೆ. ನನಗೆ ಗೊತ್ತಾದಾಗ ಅವಳು ಹೋಗಿ ಎರಡು ತಿಂಗಳಾಗಿತ್ತು.

ಮಿಷಿನ್ ನನಗೇ ಸಿಕ್ಕಿತ್ತು. ನೀವಿಬ್ಬರೂ ಶಾಲೆಗೆ ಹಾಕಿಕೊಂಡು ಹೋದ ಲಂಗಗಳೆಲ್ಲ ಅದರಲ್ಲೇ ಹೊಲಿದದ್ದು.

ಭಾನುವಾರ ಹನ್ನೊಂದಕ್ಕೆ ಇಲ್ಲೇ ಇರುತ್ತೇನೆ. ಪೇಪರ್ ಓದಿ ಮುಗಿಸಿ ಮಾಡು.

ಅಮ್ಮ

*

ಆಗಸ್ಟ್ ೨೧

ತಂಗಿಗೆ,

ಅಮ್ಮನ ಕಾಗದದಲ್ಲಿ ಆರು ತಪ್ಪುಗಳಿವೆ. ಎಣಿಸಿದೆ. ಮುಟ್ಟಲಿಲ್ಲ.

ಕಳೆದ ಭಾನುವಾರ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತೆ. ನಿಮ್ಮ ಮನೆಯ ನಂಬರಿನ ಮೇಲೆ ಬೆರಳು ಹೋಗಿ ವಾಪಸ್ ಬಂತು. ಒಂದು ಸಲವಲ್ಲ, ಹನ್ನೆರಡರ ತನಕ. ಮಾರ್ಚ್ ತಿಂಗಳಲ್ಲಿ ಆಡಿದ ಮಾತು ಅಷ್ಟು ಭಾರವಾಗಿತ್ತು. ಅಂದರೆ ಅಮ್ಮನನ್ನು ಹತ್ತನೆಯ ಭಾನುವಾರವೂ ಕಾಯಿಸಿದೆ. ಈ ಸಲ ದೀಪ ಉರಿಯುತ್ತಲೇ ಇತ್ತು, ಡಬ್ಬದ ತಪ್ಪು ಎನ್ನುವ ಹಾಗಿಲ್ಲ. ಮಾತು ಬಿಟ್ಟವಳು ನಾನು, ಹಸಿರು ದೀಪದ ಕಾನೂನು ಮಾಡಿದವಳು ನಾನು, ಪೇಪರ್ ಓದುವಾಗ ಕರೆಯಬೇಡ ಎಂದವಳೂ ನಾನು. ನಿನ್ನ ಗಂಡನ ತಪ್ಪು ಬರೀ ಹನ್ನೆರಡು ಗಂಟೆಯದು.

ಆದರೂ ಅವರ ಮೇಲಿನ ಕೋಪ ಹೋಗಿಲ್ಲ. ಆ ಬಗ್ಗೆ ಸುಳ್ಳು ಹೇಳಲಾರೆ. ಅಮ್ಮ ಅಲ್ಲಿ ಚೆನ್ನಾಗಿ ಮಲಗುತ್ತಾಳೆ ಎಂದು ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಹತ್ತಿಕೊಳ್ಳುತ್ತದೆ. ಎಲ್ಲಿರಬೇಕೆಂಬುದು ಅವಳ ಇಷ್ಟ ಎಂದು ಬರೆಯುತ್ತಿದ್ದೇನೆ, ಈ ಸಾಲನ್ನು ಮೂರು ಸಲ ಹೊಡೆದು ಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಡಬ್ಬಕ್ಕೆ ಹೊಸ ಪಟ್ಟಿ ಅಂಟಿಸಿದೆ. ಅಂಟಿಸುವ ಮೊದಲು ಅಮ್ಮನ ಮಂಚದ ಮೇಲೆ ಮಲಗಿ ಅಲ್ಲಿಂದ ನೋಡಿದೆ. ಒಂಬತ್ತು ವರ್ಷದಲ್ಲಿ ಅಲ್ಲಿಂದ ಒಂದು ಸಲವೂ ನೋಡಿರಲಿಲ್ಲ. ಈಗ ಅಕ್ಷರ ನೆಟ್ಟಗಿದೆ. ಬಂದಾಗ ಕತ್ತು ತಿರುಗಿಸಬೇಕಾಗಿಲ್ಲ ಎಂದು ಅಮ್ಮನಿಗೆ ಹೇಳು. ನೀನೂ ಜೊತೆಗೆ ಬಂದರೆ ಹಾಲ್‌ನಲ್ಲಿ ಜಾಗ ಇದೆ.

ಬರುವ ಭಾನುವಾರ ಹನ್ನೊಂದಕ್ಕೆ ಕರೆ ಮಾಡುತ್ತೇನೆ. ಅಮ್ಮ ಎತ್ತಲಿ. ನೀನು ಎತ್ತಿದರೂ ಇಡುವುದಿಲ್ಲ. "ಹಲೋ" ಎನ್ನಬೇಡ, "ಹತ್ತು ಆರು" ಅನ್ನು. ಉಳಿದದ್ದನ್ನು ನಾನು ಹೇಳುತ್ತೇನೆ.

ನಿನ್ನ ಗಂಡ ಮಾತ್ರ ಎತ್ತಬಾರದು. ಎತ್ತಿದರೆ ಇಟ್ಟುಬಿಡುತ್ತೇನೆ. ಅಷ್ಟು ಕಿಚ್ಚಾದರೂ ನನಗೆ ಉಳಿದಿರಲಿ. ಎಲ್ಲವೂ ಒಂದೇ ಸಲಕ್ಕೆ ಆರಿದರೆ ಈ ವಯಸ್ಸಿನಲ್ಲಿ ಕತ್ತಲೆಯಾಗುತ್ತದೆ.

ಇತಿ,
ನಿನ್ನ ಅಕ್ಕ

ಮರೆತಿದ್ದೆ: ನಿನ್ನ ಪತ್ರದಲ್ಲಿ ಈ ಸಲ ಒಂದೂ ತಪ್ಪಿರಲಿಲ್ಲ. ಎರಡು ಸಲ ಹುಡುಕಿದೆ.